ಗೆಳೆಯನ ಜೊತೆ ಬಂಡೆ ಹತ್ತುವ ಒಂದು ದಿನ: ಸೋಮವಾರಪೇಟೆ ಕಡೆಯಿಂದ

ಕೊಡಗಿನಲ್ಲಿ ಬಂಡೆ ಹತ್ತಲು ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ದಿನಗಳೇ ಸರಿ. ಜೂನ್‌ನಲ್ಲಿ ಹಿಡಿದ ಮಳೆ ಬಿಟ್ಟ ಮೇಲೂ ಬಂಡೆಯ ಪಾಚಿ ಬೇಗ ಒಣಗುವುದಿಲ್ಲ. ಮಾರ್ಚ್ ಬಂತೆಂದರೆ ಹೂಮಳೆ. ಕಾಫಿಗೆ ಅದು ಬೇಕೇ ಬೇಕು, ಆದರೆ ಗುಡುಗು ಕೇಳಿದ ತಕ್ಷಣ ನೀವು ಇಳಿಯಲೇಬೇಕು.

ಪುಷ್ಪಗಿರಿಯ ಕಲ್ಲು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಆ 1712 ಮೀಟರ್ ಬೆಟ್ಟ ಇರುವುದು ವನ್ಯಧಾಮದೊಳಗೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಹಗ್ಗ ಬಿಚ್ಚಬೇಡಿ. ನಾವು ಹೋದದ್ದು ಪರಿಚಯದವರ ಕಾಫಿ ತೋಟದ ಅಂಚಿನ ಬಂಡೆಗೆ. ತೋಟದವರನ್ನು ಕೇಳಿ, ಹಿಂದಿನ ದಿನವೇ ಹೋಗಿ ಸುತ್ತ ನೋಡಿ ಬನ್ನಿ. ಚಾಚಿದ ಕಲ್ಲಿನ ಕೆಳಗೆ ಹೆಜ್ಜೇನು ಕಟ್ಟಿದ್ದರೆ ಬೇರೆ ಬಂಡೆ ಹುಡುಕಿ. ರಾತ್ರಿ ಆನೆ ಬಂದಿತ್ತಾ ಅಂತ ಕೆಲಸದವರನ್ನು ವಿಚಾರಿಸಿ. ಅವರು ಬೇಡ ಅಂದರೆ ಬೇಡ.

ಹಗ್ಗದ ಕೆಲಸವನ್ನು ಸುಮ್ನೆ ಓದಿ ಕಲಿಯಲು ಆಗುವುದಿಲ್ಲ. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯ ಅವರ ಹೆಸರಿನ ಸಾಹಸ ಅಕಾಡೆಮಿ ನಮ್ಮ ರಾಜ್ಯದಲ್ಲಿ ಬಂಡೆ ಹತ್ತುವ ತರಬೇತಿ ಕೊಡುತ್ತದೆ. ಮೊದಲು ಇಬ್ಬರೂ ಕಲಿಯಿರಿ. ಒಬ್ಬನಿಗೆ ಮಾತ್ರ ಗೊತ್ತಿದ್ದರೆ ಸಾಲದು, ಯಾಕೆಂದರೆ ಹತ್ತುವವನ ಜೀವ ಕೆಳಗಿನವನ ಕೈಯಲ್ಲಿರುತ್ತದೆ.

ಇಬ್ಬರೇ ಇದ್ದರೆ ಮೇಲಿನಿಂದ ಹಗ್ಗ ಇಳಿಬಿಟ್ಟು ಹತ್ತುವುದೇ ಒಳ್ಳೆಯದು. ಹಿಂಬದಿಯ ದಾರಿಯಿಂದ ನೆತ್ತಿಗೆ ಹೋಗಿ ಎರಡು ಗಟ್ಟಿ ಮರ ಆರಿಸಿ. ಬಂಡೆಯ ಬಿರುಕಿನಲ್ಲಿ ಹಿಡಿಮಣ್ಣಿಗೆ ಬೆಳೆದ ಮರ ಎಷ್ಟೇ ಹಸಿರಾಗಿದ್ದರೂ ನಂಬಬೇಡಿ. ಎರಡೂ ಮರಕ್ಕೆ ಗಟ್ಟಿ ಪಟ್ಟಿ ಸುತ್ತಿ ಕಟ್ಟಿ, ಆ ಪಟ್ಟಿಗಳು ಸೇರುವ ಕಡೆ ಕೋನ 60 ಡಿಗ್ರಿ ದಾಟದಿರಲಿ. 120 ಆದರೆ ಒಂದೊಂದು ಮರಕ್ಕೂ ಪೂರ್ತಿ ಭಾರ ಬೀಳುತ್ತದೆ, ಎರಡು ಕಟ್ಟಿಯೂ ಭಾರ ಹಂಚಿದಂತಾಗುವುದಿಲ್ಲ. ಅಲ್ಲಿ ಲಾಕ್ ಇರುವ ಎರಡು ಕ್ಯಾರಬಿನರ್‌ಗಳನ್ನು, ಅಂದರೆ ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿಗಳನ್ನು, ಬಾಯಿ ಎದುರುಬದುರಾಗಿ ಹಾಕಿ ಹಗ್ಗವನ್ನು ಅವುಗಳ ಮೂಲಕ ಇಳಿಬಿಡಿ. ಪಟ್ಟಿ ಕಲ್ಲಿನ ಅಂಚಿಗೆ ಉಜ್ಜುವ ಕಡೆ ಕಾಫಿಯ ಖಾಲಿ ಗೋಣಿಚೀಲವನ್ನು ಮಡಚಿ ಇಡಿ. ನಮ್ಮ ಕಡೆ ಅದಕ್ಕೇನೂ ಬರವಿಲ್ಲ.

ನೆಲ ಬಿಡುವ ಮುಂಚೆ ಒಬ್ಬರ ಗಂಟನ್ನು ಇನ್ನೊಬ್ಬರು ಮುಟ್ಟಿ ನೋಡಿ. ಹಗ್ಗವನ್ನು ಸೊಂಟಪಟ್ಟಿಗೆ ಕಟ್ಟುವ, 8ರ ಆಕಾರದ ಎಂಟರ ಗಂಟು, ಸೊಂಟಪಟ್ಟಿಯ ಬಕಲ್, ಕ್ಯಾರಬಿನರ್ ಲಾಕ್, ಹೆಲ್ಮೆಟ್. ಕೂಗಲು "ಬಿಗಿ", "ಸಡಿಲ", "ಇಳಿಸು" ಇಷ್ಟೇ ಸಾಕು. ಕೆಳಗೆ ಹಗ್ಗ ಹಿಡಿದವನ ಬ್ರೇಕ್ ಕೈ, ಅಂದರೆ ಹಗ್ಗ ಜಾರದಂತೆ ತಡೆಯುವ ಕೈ, ಯಾವ ಕಾರಣಕ್ಕೂ ಹಗ್ಗ ಬಿಡಬಾರದು, ಸೊಳ್ಳೆ ಕಚ್ಚಿದರೂ.

ಬೆಳಿಗ್ಗೆ ಮಂಜಿಗೆ ಕಲ್ಲು ಒದ್ದೆಯಿರುತ್ತದೆ. ಅದು ಆರುವ ತನಕ ಅಕ್ಕಿರೊಟ್ಟಿ, ಬೆಲ್ಲದ ಕಾಫಿ ಮುಗಿಸಿ. ನಾವೂ ಹಾಗೇ ಕಾದು ಶುರು ಮಾಡಿದೆವು. ಗೆಳೆಯ ಅರ್ಧ ಬಂಡೆಯಲ್ಲಿ ನಿಂತುಬಿಟ್ಟ. ಅಲ್ಲಿ ಕೈಗೆ ಹಿಡಿತವೇ ಇಲ್ಲ, ಬರೀ ಇಳಿಜಾರು.

"ಕಾಲು ನಡುಗ್ತಿದೆ ಮಾರಾಯ," ಅಂದ.

"ಹಿಮ್ಮಡಿ ಕೆಳಗೆ ಮಾಡು. ಕಲ್ಲಿಗೆ ಅಂಟಿಕೊಳ್ಳಬೇಡ, ಸೊಂಟ ಹೊರಗೆ ತಾ. ಹಗ್ಗ ಬಿಗಿ ಇದೆ," ಅಂದೆ.

ಇಳಿಜಾರು ಬಂಡೆಯ ಗುಟ್ಟು ಇದೇ. ಹೆದರಿ ಒರಗಿದಷ್ಟೂ ಪಾದ ಜಾರುತ್ತದೆ. ಭಾರ ನೇರ ಪಾದದ ಮೇಲೆ ಬಿದ್ದರೆ ಶೂನ ರಬ್ಬರ್ ಕಚ್ಚಿಕೊಳ್ಳುತ್ತದೆ. ಹೆಜ್ಜೆ ಚಿಕ್ಕದಿರಲಿ. ಅವನು ಉಸಿರು ಬಿಟ್ಟು ಒಂದು ಪಾದ ಇಟ್ಟ, ಆಮೇಲೆ ಇನ್ನೊಂದು. ನೆತ್ತಿ ಮುಟ್ಟಿ ಅವನು ಹಾಕಿದ ಕೂಗು ಇಡೀ ತೋಟಕ್ಕೆ ಕೇಳಿಸಿತು. ನಾನು ಹತ್ತಿದ್ದಕ್ಕಿಂತ ಅವನು ಹತ್ತಿದ್ದೇ ನನಗೆ ಇವತ್ತಿಗೂ ಜಾಸ್ತಿ ಖುಷಿ. ಕೆಳಗೆ ನಿಂತವನಿಗೆ ಗೆಳೆಯನ ತೂಕ ಹಗ್ಗದಲ್ಲಿ ಗೊತ್ತಾಗುತ್ತಿರುತ್ತದೆ, ಅಲ್ವಾ?

ದಣಿದವನಿಗೆ "ಇನ್ನೊಂದ್ಸಲ" ಅಂತ ಒತ್ತಾಯ ಮಾಡಬೇಡಿ. ಸಂಜೆ ಐದರೊಳಗೆ ಎಲ್ಲ ಬಿಚ್ಚಿ ತೋಟದಿಂದ ಹೊರಡಿ, ಕತ್ತಲಾದ ಮೇಲೆ ಆ ದಾರಿ ಆನೆಗಳದ್ದು. ಮನೆಯಲ್ಲಿ ಹಗ್ಗವನ್ನು ಉದ್ದಕ್ಕೂ ಕೈಯಾಡಿಸಿ ನೋಡಿ, ಮಣ್ಣಾಗಿದ್ದರೆ ತಣ್ಣೀರಲ್ಲಿ ತೊಳೆದು ನೆರಳಲ್ಲೇ ಒಣಗಿಸಿ. ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ.