ಎಫೆಸಸ್ ಮಧ್ಯಾಹ್ನ ಮೂರೂವರೆಗೆ, ಅಪ್ಪ ಅಮ್ಮನ ಜೊತೆ

ಟರ್ಕಿಗೆ ಹೋಗಿಬಂದವರೆಲ್ಲ ಹೇಳೋದು ಒಂದೇ, ಅಲ್ಲಿನ ಪಾಳುಬಿದ್ದ ಹಳೇ ಗ್ರೀಕ್-ರೋಮನ್ ಊರು ಎಫೆಸಸ್‌ಗೆ ಗೇಟ್ ತೆಗೆಯೋ ಹೊತ್ತಿಗೇ ಹೋಗ್ಬಿಡಿ ಅಂತ. ನಾನು ಎಪ್ಪತ್ತು ದಾಟಿರೋ ಅಪ್ಪ ಅಮ್ಮನ್ನ ಕರ್ಕೊಂಡು ಮಧ್ಯಾಹ್ನ ಮೂರೂವರೆಗೆ ಒಳಗೆ ಹೋಗ್ತೀನಿ ಅಂದಾಗ ಫ್ರೆಂಡ್ಸೆಲ್ಲ ನಕ್ಕಿದ್ರು. ಈಗ ಫೋಟೋ ನೋಡಿ ಸುಮ್ನಾಗಿದಾರೆ.

ಬೆಳಗ್ಗೆ ಪ್ಲ್ಯಾನ್ ನಾನೂ ಮಾಡಿ ನೋಡಿದೀನಿ. ಕುಶದಾಸಿ ಬಂದರಿಗೆ ಕ್ರೂಸ್ ಹಡಗು ಬಂದಿರೋ ದಿನ ಬಸ್ಸುಗಳು ಸಾಲಾಗಿ ಬಂದು, ಹತ್ತು ಗಂಟೆಗೆಲ್ಲ ರೋಮನ್ ಕಾಲದ ಸೆಲ್ಸಸ್ ಲೈಬ್ರರಿ ಮುಂದೆ ಬರೀ ತಲೆಗಳು. ಇನ್ನೊಂದ್ಸಲ ಡೇ ಟೂರ್ ತಗೊಂಡಿದ್ದೆ, ತಲೆಗೆ ಹತ್ರತ್ರ 100 ಯೂರೋ. ಊರು ತೋರ್ಸಿದ್ದು ಒಂದೂವರೆ ಗಂಟೆ, ಉಳಿದಿದ್ದೆಲ್ಲ ಲೆದರ್ ಶೋರೂಮು, ಬಫೆ.

ಈ ಸಲ ಎಫೆಸಸ್ ಪಕ್ಕದ ಊರು ಸೆಲ್ಚುಕ್‌ನಲ್ಲೇ ರೂಮ್. ಇಜ್ಮಿರ್ ಏರ್‌ಪೋರ್ಟಿಂದ ಟ್ರೇನು, ನಮ್ ದುಡ್ಡಲ್ಲಿ ನೂರೈವತ್ತು ರೂಪಾಯಿ ಆಸುಪಾಸು ಆಯ್ತು. ಬೆಳಗ್ಗೆ ಮ್ಯೂಸಿಯಮ್ಮಲ್ಲಿ ಗ್ರೀಕ್ ದೇವಿ ಆರ್ಟೆಮಿಸ್ ವಿಗ್ರಹಗಳು, ಆಮೇಲೆ ಅವಳ ದೇವಸ್ಥಾನದ್ದು ಅಂತ ನಿಂತಿರೋ ಒಂಟಿ ಕಂಬ, ತುದೀಲಿ ಕೊಕ್ಕರೆ ಗೂಡು. ಊಟಕ್ಕೆ ಬೇಳೆ ಸೂಪು, ಆಲೂಗಡ್ಡೆ ಹಾಕಿದ ಗೊಜ್ಲೆಮೆ, ನಮ್ ಆಲೂ ಪರೋಟನ ತೆಳ್ಳಗೆ ಲಟ್ಟಿಸಿದಂಗಿರತ್ತೆ. ಆಮೇಲೆ ಒಂದ್ ನಿದ್ದೆ.

ಟ್ಯಾಕ್ಸಿ ಮೇಲಿನ ಗೇಟಿಗೆ, ಅದೇ ಮುಖ್ಯ. ಅಲ್ಲಿಂದ ದಾರಿ ಪೂರ್ತಿ ಇಳಿಜಾರು, ಮುಗಿಯೋದು ಕೆಳಗಿನ ಗೇಟಲ್ಲಿ, ವಾಪಸ್ಸಿಗೆ ಅಲ್ಲೇ ಡೊಲ್ಮುಶ್ (ಶೇರ್ ಮಿನಿಬಸ್ಸು) ಸಿಗತ್ತೆ. ಟಿಕೆಟ್ ಆಗ 40 ಯೂರೋ, ಒಳಗಿರೋ ಟೆರೇಸ್ ಹೌಸಿಗೆ (ಆ ಕಾಲದ ಶ್ರೀಮಂತರ ಮನೆಗಳು) ಬೇರೆ 15 ಇತ್ತು ಅಂತ ನೆನಪು. ಟ್ಯಾಕ್ಸಿಯವರ ಹತ್ರ ಎಷ್ಟಕ್ಕೆ ಮಾತಾಡ್ದೆ ಅನ್ನೋದು, ಮಧ್ಯೆ ಅಪ್ಪನ್ನ ನೆರಳಲ್ಲಿ ಅರ್ಧ ಗಂಟೆ ಕೂರಿಸಿದ ಜಾಗ, ಇವೆರಡು ನನ್ನಲ್ಲೇ ಇರ್ಲಿ.

ಸಂಜೆ ಹೋದ್ರೆ ಲೈಬ್ರರಿ ಫೋಟೋ ಹಾಳು ಅಂತ ವಾದ ಬರತ್ತೆ, ಯಾಕಂದ್ರೆ ಅದರ ಮುಖ ಪೂರ್ವಕ್ಕೆ. ನಿಜ, ಬಿಸಿಲು ಬೀಳಲ್ಲ. ಆದ್ರೆ ಬಿಸಿಲಿಲ್ಲ ಅಂದ್ರೆ ಕಪ್ಪು ನೆರಳೂ ಇಲ್ಲ, ಗೂಡುಗಳಲ್ಲಿರೋ ನಾಲ್ಕು ಹೆಣ್ಣು ವಿಗ್ರಹಗಳ ಸೀರೆ ನೆರಿಗೆಯಂಥ ಮಡಿಕೆ ಪೂರ್ತಿ ಕಾಣತ್ತೆ (ಅವು ನಕಲು, ಮೂಲ ವಿಯೆನ್ನಾದಲ್ಲಿವೆ. ಮುಂಭಾಗನೂ 1970ರ ದಶಕದಲ್ಲಿ ಆಸ್ಟ್ರಿಯಾದವರು ಬಿದ್ದಿದ್ದ ಕಲ್ಲು ಜೋಡಿಸಿ ಎಬ್ಬಿಸಿದ್ದು). ಅಲ್ಲಿನ ಬಯಲು ಥಿಯೇಟರ್ ಮಾತ್ರ ಪಶ್ಚಿಮಕ್ಕೆ ತಿರುಗಿದೆ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೂರೋ ಅಷ್ಟೂ ಮೆಟ್ಟಿಲು ಐದೂವರೆಗೆ ಚಿನ್ನದ ಬಣ್ಣ. ಅದರ ಎದುರಿಗೆ ಬಂದರಿಗೆ ಹೋಗೋ ರಸ್ತೆ, ಆದ್ರೆ ನದಿ ಹೂಳು ತುಂಬಿ ಸಮುದ್ರ ಈಗ ಐದಾರು ಕಿಲೋಮೀಟರ್ ಆಚೆ ಹೋಗಿದೆ. ಅಪ್ಪ ರಿಟೈರ್ಡ್ ನೀರಾವರಿ ಇಂಜಿನಿಯರು, ಲೈಬ್ರರಿಗಿಂತ ಈ ಹೂಳಿನ ಕತೇನೇ ಅವರಿಗೆ ಜಾಸ್ತಿ ಹಿಡಿಸ್ತು.

ಮಧ್ಯೆ ಎರಡು ಪ್ರಯೋಗ. ಸವೆದ ಗ್ರೀಕ್ ಅಕ್ಷರಗಳ ಮೇಲೆ ಮೊಬೈಲ್ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಬಿಟ್ರೆ ಎದ್ದು ಕಾಣತ್ವೆ, ನೇರ ಬಿಟ್ರೆ ಏನೂ ಇಲ್ಲ. ಇನ್ನೊಂದು ಚಪ್ಪಲಿ: ಲೈಬ್ರರಿ ಕಡೆಗೆ ಇಳಿಯೋ ಕ್ಯುರೆಟೆಸ್ ರಸ್ತೆಯ ಅಮೃತಶಿಲೆ ಸವೆದು ಗಾಜಿನಂಗಾಗಿದೆ, ನನ್ನ ದುಬಾರಿ ಟ್ರೆಕಿಂಗ್ ಶೂ ಜಾರ್ತು, ಅಮ್ಮನ ಮುನ್ನೂರು ರೂಪಾಯಿ ರಬ್ಬರ್ ಚಪ್ಪಲಿ ಜಾರ್ಲಿಲ್ಲ.

ಟೆರೇಸ್ ಹೌಸಲ್ಲಿ ಮೆಟ್ಟಿಲು ತುಂಬಾ ಇವೆ, ಅಮ್ಮ ಹೊರಗೇ ಬೆಕ್ಕುಗಳ ಜೊತೆ ಕೂತ್ರು. ಅಪ್ಪ ಹತ್ತಿ ಗೋಡೆ ಚಿತ್ರ, ಮೊಸಾಯಿಕ್ ಎಲ್ಲ ನೋಡಿ ಬಂದ್ರು. ಆದ್ರೆ ಅದರ ಲಾಸ್ಟ್ ಎಂಟ್ರಿ ಟೈಮ್ ಟಿಕೆಟ್ ತಗೊಳ್ಳೋವಾಗ್ಲೇ ಕೇಳ್ಕೊಂಡ್ಬಿಡಿ.