ಹಿರಿಯರಿಗೆ ಹಾಡು ಹಾಕುವ ಮೊದಲು ಹುಟ್ಟಿದ ವರ್ಷ ಕೇಳಿ

ಮನೆಯಲ್ಲಿ ವಯಸ್ಸಾದವರಿದ್ದರೆ ಇದು ಉಪಯೋಗಕ್ಕೆ ಬರಬಹುದು.

ಹುಬ್ಬಳ್ಳಿಯಿಂದ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದ ಮೇಲೆ ನಮ್ಮ ಅತ್ತೆ ಮಾತೇ ಕಡಿಮೆ ಮಾಡಿದ್ದರು. ಖುಷಿಯಾಗಲಿ ಅಂತ ಮೊಬೈಲಿನಲ್ಲಿ 'ಹಳೆಯ ಹಾಡು' ಅಂತ ಹುಡುಕಿ ಸಿಕ್ಕಿದ್ದನ್ನೆಲ್ಲ ಹಾಕಿದೆ. ಅರ್ಧಕ್ಕರ್ಧ ರೀಮಿಕ್ಸ್! "ಆ ಗದ್ಲ ಮೊದ್ಲ ಬಂದ್ ಮಾಡವ್ವಾ" ಅಂದರು. ತಪ್ಪು ನನ್ನದೇ.

ಸಾಮಾನ್ಯವಾಗಿ 10ರಿಂದ 30ರ ವಯಸ್ಸಿನಲ್ಲಿ ಕೇಳಿದ ಹಾಡುಗಳೇ ನೆನಪನ್ನು ಜಾಸ್ತಿ ಕೆದಕುತ್ತವೆ. ಹಾಗಾಗಿ ಹುಟ್ಟಿದ ವರ್ಷಕ್ಕೆ 10 ಕೂಡಿಸಿ, ಆಮೇಲೆ ಅದೇ ಹುಟ್ಟಿದ ವರ್ಷಕ್ಕೆ 30 ಕೂಡಿಸಿ; ಈ ಎರಡರ ನಡುವಿನ ವರ್ಷಗಳ ಹಾಡು ಹುಡುಕಿ. ಅತ್ತೆ ಹುಟ್ಟಿದ್ದು 1950ರಲ್ಲಿ, ಅಂದರೆ 1960ರಿಂದ 1980ರ ಹಾಡುಗಳು. 1972ರ 'ಬಂಗಾರದ ಮನುಷ್ಯ' ಚಿತ್ರದ ಒಂದು ಹಾಡು ಹಾಕಿದೆ. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. ಆಮೇಲೆ ಶುರುವಾಯ್ತು ನೋಡಿ: ಟಾಕೀಸಿನ ಮುಂದಿನ ಸಾಲು, ಸೆರಗಿನಲ್ಲಿ ಕಟ್ಟಿಕೊಂಡು ಹೋದ ಶೇಂಗಾ, ಅಪ್ಪನಿಗೆ ಹೇಳಿದ ಸುಳ್ಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಕೇಳೇ ಇರದ ಕಥೆ!

ಒಂದು ಹಾಡು ಮುಗಿದ ಕೂಡಲೇ ಇನ್ನೊಂದು ಹಾಕಬೇಡಿ. ಸುಮ್ನೆ ಕೂತಿರಿ. "ಇದನ್ನ ಹಾಡಿದ್ದು ಯಾರು ಹೇಳಿ" ಅಂತ ಪರೀಕ್ಷೆ ಮಾಡಲೇಬೇಡಿ, ನೆನಪಾಗದಿದ್ದರೆ ಮುಜುಗರ ಅಲ್ವಾ? ಕಣ್ಣಲ್ಲಿ ನೀರು ಬಂದರೆ ಗಾಬರಿಯಾಗಿ ಆಫ್ ಮಾಡಬೇಡಿ. ಸಾಕು ಅಂದರೆ ಮಾತ್ರ ನಿಲ್ಲಿಸಿ.

ಮೊಬೈಲಿಗಿಂತ ಚಿಕ್ಕ ಸ್ಪೀಕರ್ ವಾಸಿ, ಚೆನ್ನಾಗಿ ಕೇಳುವ ಕಿವಿಯ ಕಡೆ ಇಡಿ. ನಮ್ಮದು ಸ್ಟೇಷನ್ ಹತ್ತಿರದ ಮನೆ, ಕಿಟಕಿ ಮುಚ್ಚದಿದ್ದರೆ ಲೋಕಲ್ ರೈಲಿನ ಸದ್ದಿನಲ್ಲಿ ಚರಣವೇ ಮುಳುಗಿಹೋಗುತ್ತದೆ.