ಮಂಡಿ ಆಪರೇಷನ್ ಆಯ್ತಾ? ಮೊದಲು ದಿಂಬು ತೆಗೆಯಿರಿ

ಮಂಡಿ ಆಪರೇಷನ್ ಆದವರ ಆರೈಕೆಗೆ ನಮ್ಮ ಮನೆಯಲ್ಲಿ ನಾನೇ ಕಾಯಂ. ಅತ್ತೆಗೆ ಎರಡೂ ಮಂಡಿ ಬದಲಿಸಿದ್ದು, ಒಂದೂವರೆ ವರ್ಷದ ಅಂತರದಲ್ಲಿ. ಚಿಕ್ಕಪ್ಪನ ಮಗನಿಗೆ ಲಿಗಮೆಂಟ್, ಅಂದರೆ ಮಂಡಿಯ ಎಲುಬುಗಳನ್ನು ಕಟ್ಟಿ ಹಿಡಿಯುವ ಹಗ್ಗದಂಥ ನಾರು, ಹರಿದದ್ದು. ಇದರಲ್ಲಿ ಅತ್ತೆಯ ಮೊದಲನೇ ಮಂಡಿಯನ್ನು ಕೆಡಿಸಿದ್ದು ಡಾಕ್ಟರಲ್ಲ, ನಾವೇ. ಪ್ರೀತಿಯಿಂದಲೇ ಕೆಡಿಸಿದೆವು. ಅದಕ್ಕೆ ಆಮೇಲೆ ಬರುತ್ತೇನೆ.

1. ಪೆಟ್ಟು ಬಿದ್ದ ದಿನ ಗಡಿಯಾರ ನೋಡಿ

ನಮ್ಮ ಹುಡುಗ, ಅದೇ ಚಿಕ್ಕಪ್ಪನ ಮಗ, ವಾಲಿಬಾಲ್ ಆಡುವಾಗ ಹಾರಿ ಇಳಿದ. ಪಾದ ನೆಲಕ್ಕೆ ಕಚ್ಚಿಕೊಂಡಿತು, ಮಂಡಿ ಮಾತ್ರ ತಿರುಗಿತು, ಒಳಗೆ 'ಟಪ್' ಅಂತು. ಎರಡು ತಾಸಿನೊಳಗೆ ಮಂಡಿ ತೆಂಗಿನಕಾಯಿಯಷ್ಟು ಊದಿತ್ತು. ಹೀಗೆ ಬೇಗ ಊದಿದರೆ ಒಳಗೆ ರಕ್ತ ತುಂಬಿದೆ, ಲಿಗಮೆಂಟ್ ಹರಿದಿರುವ ಸಾಧ್ಯತೆ ಜಾಸ್ತಿ. ಮರುದಿನ ಬೆಳಿಗ್ಗೆ ಮೆಲ್ಲಗೆ ಊದಿದರೆ ಎಲುಬುಗಳ ನಡುವಿನ ಗಾದಿಯ ಮೇಲೆ ಅನುಮಾನ. ಮಂಡಿ ಅರ್ಧಕ್ಕೆ ಸಿಕ್ಕಿಕೊಂಡು ನೆಟ್ಟಗಾಗದೇ ಹೋದರೆ ಕಾಯಬೇಡಿ, ಅವತ್ತೇ ಹೊರಡಿ.

ಎಣ್ಣೆ ತಿಕ್ಕಬೇಡಿ. ಎಳೆದು ಕೂರಿಸುವವರ ಹತ್ತಿರವೂ ಹೋಗಬೇಡಿ, ಹರಿದ ಹಗ್ಗವನ್ನು ಎಳೆದರೆ ಕೂಡುತ್ತದೆಯೇ? ಮಂಜುಗಡ್ಡೆ ಇಡಿ, ಬಟ್ಟೆ ಸುತ್ತಿ, 15-20 ನಿಮಿಷ. ಕರಾವಳಿಯವರಿಗೆ ಮಂಜುಗಡ್ಡೆಗೇನು ಬರ, ಮೀನಿನ ಪೆಟ್ಟಿಗೆಯದಾದರೂ ಅಡ್ಡಿಲ್ಲ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಳ್ಳಿ.

2. ಪರೀಕ್ಷೆ

ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಲಿಗಮೆಂಟ್ ಕಾಣುವುದಿಲ್ಲ. ಮಂಡಿ ಸವೆತಕ್ಕಾದರೆ ನಿಂತುಕೊಂಡೇ ಎಕ್ಸ್‌ರೇ ತೆಗೆಸಿ, ಮಲಗಿ ತೆಗೆದದ್ದರಲ್ಲಿ ಸಂದು ಚೆನ್ನಾಗಿಯೇ ಇರುವಂತೆ ತೋರುತ್ತದೆ. ಮಂಡಿಯನ್ನು ಸ್ವಲ್ಪ ಮಡಚಿ, ಕೆಳಗಿನ ಎಲುಬನ್ನು ಮುಂದಕ್ಕೆ ಎಳೆದು ನೋಡುವ ಡಾಕ್ಟರನ್ನು ನಾನು ನಂಬುತ್ತೇನೆ. ಕಾಲು ಮುಟ್ಟದೆ ಸೀದಾ ಎಂಆರ್‌ಐ ಬರೆದರೆ ಇನ್ನೊಬ್ಬರ ಹತ್ತಿರ ಹೋಗಿ. ಐವತ್ತು ದಾಟಿದವರ ಎಂಆರ್‌ಐಯಲ್ಲಿ ನೋವಿಲ್ಲದಿದ್ದರೂ ಗಾದಿ ಹರಿದದ್ದು ಕಾಣುವುದುಂಟು, ಆ ವರದಿ ಓದಿ ನಿದ್ದೆ ಕೆಡಿಸಿಕೊಳ್ಳಬೇಡಿ.

3. ಆಪರೇಷನ್ ಬೇಕೇ?

ಲಿಗಮೆಂಟ್ ಹರಿದವರಿಗೆಲ್ಲ ಬೇಡ. ಮತ್ತೆ ಆಡಬೇಕು ಅನ್ನುವವರಿಗೆ, ನಡೆಯುವಾಗ ಮಂಡಿ ಜಾರಿದಂತಾಗುವವರಿಗೆ ಬೇಕಾಗುತ್ತದೆ. ಸಾಮಾನ್ಯವಾಗಿ ಹರಿದದ್ದನ್ನು ಹೊಲಿಯುವುದಿಲ್ಲ, ತೊಡೆಯ ಹಿಂಭಾಗದ ಸ್ನಾಯುವಿನ ತುದಿಯ ಎಳೆ ತೆಗೆದು, ಸಣ್ಣ ತೂತಿನಿಂದ ಮಂಡಿಯೊಳಗೆ ತೂರಿಸಿದ ದುರ್ಬೀನಿನಲ್ಲಿ ನೋಡುತ್ತಾ ಹೊಸ ಹಗ್ಗ ಕಟ್ಟುತ್ತಾರೆ. ಬರೀ ಸವೆತಕ್ಕೆ ದುರ್ಬೀನು ಹಾಕಿ 'ತೊಳೆಯುತ್ತೇವೆ' ಅಂದರೆ ಬೇಡ ಅನ್ನಿ, ದುಡ್ಡು ದಂಡ.

ಇನ್ನು 'ಚಿಪ್ಪು ಬದಲಿಸುವುದು' ಅನ್ನುತ್ತಾರಲ್ಲ, ಚಿಪ್ಪು ಹೆಚ್ಚಾಗಿ ಅಲ್ಲೇ ಇರುತ್ತದೆ. ತೊಡೆ ಮತ್ತು ಮೊಣಕಾಲ ಕೆಳಗಿನ ಎಲುಬುಗಳ ತುದಿಯನ್ನು ತೆಳ್ಳಗೆ ಕೊಯ್ದು ಲೋಹದ ಟೋಪಿ ಹಾಕಿ, ನಡುವೆ ಗಟ್ಟಿ ಪ್ಲಾಸ್ಟಿಕ್ ಕೂರಿಸುತ್ತಾರೆ. ವ್ಯಾಯಾಮ, ತೂಕ ಇಳಿಸುವುದು, ಮಾತ್ರೆ ಎಲ್ಲ ಮುಗಿದು, ರಾತ್ರಿ ನೋವಿಗೆ ಎಚ್ಚರಾಗುತ್ತಿದ್ದರೆ ಆಗ ಯೋಚಿಸಿ. ಬಿಲ್ಲಿನಲ್ಲಿ ಇಂಪ್ಲಾಂಟಿನ, ಅಂದರೆ ಒಳಗೆ ಕೂರಿಸುವ ಕೃತಕ ಮಂಡಿಯ, ಬೆಲೆ ಬೇರೆಯಾಗಿ ಬರೆಸಿಕೊಳ್ಳಿ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಾಮೂಲಿ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ಜಿಎಸ್‌ಟಿ ಬಿಟ್ಟು 54,720 ರೂಪಾಯಿ ಮಿತಿ ಹಾಕಿತು, ಈಗಿನ ಮಿತಿ ಎಷ್ಟು ಅಂತ ಕೇಳಿಯೇ ಸಹಿ ಹಾಕಿ.

4. ವಾಪಸ್ ಬರುವ ದಾರಿ

ನಮ್ಮ ಕಡೆಯವರು ಇದಕ್ಕೆ ಹುಬ್ಬಳ್ಳಿ, ಮಣಿಪಾಲ ಅಥವಾ ಗೋವಾಕ್ಕೆ ಓಡುವುದೇ ಹೆಚ್ಚು. ವಾಪಸ್ ಬರುವಾಗ ಕಾರಿನ ಮುಂದಿನ ಸೀಟು ಹಿಂದಕ್ಕೆ ತಳ್ಳಿ, ತಾಸಿಗೊಮ್ಮೆ ಇಳಿದು ನಾಲ್ಕು ಹೆಜ್ಜೆ. ಅಷ್ಟೇ.

5. ನೆಟ್ಟಗೆ ಮಾಡುವುದು

ಎಲ್ಲರೂ ಎಡವುವುದು ಇಲ್ಲೇ. ಆಪರೇಷನ್ ಆದ ಮಂಡಿಗೆ ಸ್ವಲ್ಪ ಮಡಚಿಕೊಂಡಿದ್ದರೆ ಹಾಯ್ ಅನ್ನಿಸುತ್ತದೆ. ಅತ್ತೆ ನರಳಿದರು ಅಂತ ನಾವು ಮಂಡಿಯ ಅಡಿಗೆ ಬೂರುಗದ ಹತ್ತಿಯ ದಪ್ಪ ದಿಂಬು ಕೊಟ್ಟೆವು. ಹಗಲೂ ರಾತ್ರಿ, ಮೂರು ವಾರ. ಫಿಸಿಯೋಥೆರಪಿಯವರು ಬಂದು ಹೊದಿಕೆ ಎತ್ತಿ ನೋಡಿ, "ಇದನ್ನ ಯಾರು ಇಟ್ಟಿದ್ದು?" ಅಂದರು. ಯಾರೂ ಉಸಿರೆತ್ತಲಿಲ್ಲ. ದಿಂಬು ತೆಗೆದರೂ ಮಂಡಿಯ ಹಿಂದೆ ನನ್ನ ಅಂಗೈ ಸಲೀಸಾಗಿ ತೂರುತ್ತಿತ್ತು. ನೆಟ್ಟಗಾಗದ ಕಾಲು ಗಿಡ್ಡ ಕಾಲಿನ ಹಾಗೆ, ಅತ್ತೆ ಇವತ್ತಿಗೂ ಆ ಬದಿಗೆ ಸ್ವಲ್ಪ ವಾಲಿಯೇ ನಡೆಯುತ್ತಾರೆ.

ಎರಡನೇ ಮಂಡಿಗೆ ಹೀಗೆ ಮಾಡಿದೆವು. ಟವೆಲ್ ಸುರುಳಿ ಸುತ್ತಿ ಹಿಮ್ಮಡಿಯ ಕೆಳಗಿಡಿ. ಮಂಡಿಯ ಕೆಳಗೆ ಏನೂ ಬೇಡ, ತಾನಾಗಿ ಕೆಳಗೆ ಇಳಿಯಲಿ. ಐದರಿಂದ ಹತ್ತು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಆಮೇಲೆ ತೊಡೆ ಬಿಗಿ ಮಾಡಿ ಮಂಡಿಯನ್ನು ಹಾಸಿಗೆಗೆ ಒತ್ತಬೇಕು, ಐದು ಎಣಿಸುವವರೆಗೆ, ಹತ್ತು ಸಲ. ಎಣಿಸುವ ಕೆಲಸ ನೀವು ಇಟ್ಟುಕೊಳ್ಳಿ, ರೋಗಿಗೆ ಬಿಟ್ಟರೆ ಮೂರಾದ ಮೇಲೆ ಸೀದಾ ಎಂಟು ಬರುತ್ತದೆ! ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ತಾಸು ಮೊದಲು ಕೊಡಿ, ಮುಗಿದ ಮೇಲಲ್ಲ. ದಿನಾ ಸಂಜೆ ಮಂಡಿಯ ಹಿಂದೆ ಕೈ ತೂರಿಸಿ ನೋಡಿ, ಸಂದು ಕಡಿಮೆಯಾಗುತ್ತಾ ಬರಬೇಕು.

ಮಡಚುವುದೂ ಜೊತೆಗೇ ನಡೆಯಬೇಕು, ಮಂಡಿ ಬದಲಿಸಿದವರಿಗೆ ಎರಡು ವಾರಕ್ಕೆ 90 ಡಿಗ್ರಿ, ಅಂದರೆ ಕುರ್ಚಿಯಲ್ಲಿ ಕೂತಾಗಿನ ಕೋನ, ಬಂದರೆ ಸಮಾಧಾನ. ಗಾದಿ ಹೊಲಿದಿದ್ದರೆ ಎಷ್ಟು ಮಡಚಬೇಕೆಂದು ಡಾಕ್ಟರ್ ಹೇಳಿದಷ್ಟೇ.

ಮೀನಖಂಡ ಊದಿ ನೋಯುತ್ತಿದೆ, ಗಾಯದಿಂದ ಒಸರುತ್ತಿದೆ ಅಥವಾ ಜ್ವರ ಬಂತು ಅಂದರೆ ತಕ್ಷಣ ಆಪರೇಷನ್ ಮಾಡಿದವರಿಗೆ ಫೋನ್ ಮಾಡಿ. ಉಸಿರು ಕಟ್ಟಿದರೆ ಫೋನೂ ಬೇಡ, ಹತ್ತಿರದ ಆಸ್ಪತ್ರೆಗೆ ಓಡಿ.

6. ಉಳಿದದ್ದು

ಊರುಗೋಲು ಆಪರೇಷನ್ ಆಗದ ಬದಿಯ ಕೈಯಲ್ಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು. ಕೋಲಿನ ತುದಿಯ ರಬ್ಬರ್ ಸವೆದಿದೆಯಾ ನೋಡಿ, ನಮ್ಮ ಮಳೆಗಾಲದ ಪಾಚಿ ಹಿಡಿದ ಅಂಗಳದಲ್ಲಿ ಅದೇ ಆಸರೆ. ಸಂತೆಯಲ್ಲಿ ಸಿಗುವ ಸಡಿಲ ನೀಕ್ಯಾಪ್ ಸುಮ್ನೆ ಖರ್ಚು, ಎರಡೇ ದಿನಕ್ಕೆ ಮೀನಖಂಡಕ್ಕೆ ಇಳಿಯುತ್ತದೆ. ಮಂಡಿ ಬದಲಿಸಿದವರು ಅಡಿಕೆ ಸುಲಿಯಲು ನೆಲಕ್ಕೆ ಕೂರಬಾರದು. ಅತ್ತೆ ಈಗ ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ಬೆಂಚಿನ ಮೇಲೆ ಏರಿಸಿಕೊಂಡಿದ್ದಾರೆ.

ಲಿಗಮೆಂಟ್‌ನವರು ಒಂಬತ್ತು ತಿಂಗಳ ಮೊದಲು ಅಂಕಣಕ್ಕೆ ಕಾಲಿಡಬೇಡಿ. ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಒಳ್ಳೆಯ ಕಾಲು ದಾಟಿದ ದೂರದ ನೂರಕ್ಕೆ ತೊಂಬತ್ತರಷ್ಟಾದರೂ ಈ ಕಾಲು ದಾಟಬೇಕು. ನಮ್ಮ ಹುಡುಗ ಹತ್ತನೇ ತಿಂಗಳಿಗೆ ಸರ್ವಿಸ್ ಹೊಡೆದ. ನೆಟ್ ಹತ್ತಿರ ಹಾರಲು ಇನ್ನೂ ಬಿಟ್ಟಿಲ್ಲ.